ಮುಂದಿನ ಬಲಗಾಲಿ

ಬ್ರೋಕನ್ ಹಿಲ್ ದಾಟಿ ಅರವತ್ತು ಕಿಲೋಮೀಟರಿಗೆ
ಶುರುವಾಯಿತು: ಗುಂಯ್.
ಮೊದಲು ಗಾಳಿ ಅಂದುಕೊಂಡೆ,
ಆಮೇಲೆ ರಸ್ತೆಯ ಜಲ್ಲಿ,
ಆಮೇಲೆ, ನಿಜ ಹೇಳುತ್ತೇನೆ, ರೇಡಿಯೋ ಜೋರು ಮಾಡಿದೆ.

ಕೇಳಿಸಿಕೊಳ್ಳುವುದೇ ನನ್ನ ಕಸುಬು.
ಈ ವ್ಯಾನಿನ ಹೊಟ್ಟೆಯಲ್ಲೊಂದು ಸದ್ದಿಲ್ಲದ ಗೂಡು,
ಅದರೊಳಗೆ ಕೂತು ಕುರಿ ಸಾಕುವವರ ಮಕ್ಕಳು
ಬೀಪ್ ಕೇಳಿದಾಗ ಬೆರಳೆತ್ತುತ್ತಾರೆ.
ಇನ್ನೂರೈವತ್ತು ಹರ್ಟ್ಸ್ ಇದ್ದೀತು, ಎಂದು
ಸದ್ದಿಗೊಂದು ಹೆಸರಿಟ್ಟೆ.
ಎಡವೋ ಬಲವೋ, ಅದು ಮಾತ್ರ ಹೊಳೆಯಲಿಲ್ಲ.
ದಿನಾ ಮಕ್ಕಳಿಗೆ ನಾನು ಹಾಕುವ ಪ್ರಶ್ನೆಯೇ ಅದು:
ಯಾವ ಕಿವಿ, ಪುಟ್ಟಾ?

ಎಂಬತ್ತಕ್ಕೆ ಗುಂಯ್, ನೂರಕ್ಕೆ ಗೊರ್ರ್.
ನ್ಯೂಟ್ರಲ್ಲಿಗೆ ಹಾಕಿದರೂ ಅದೇ ರಾಗ,
ಅಂದರೆ ಎಂಜಿನ್ನಿನ ತಪ್ಪಲ್ಲ.
ಇಷ್ಟು ತಿಳಿಯುವ ಹೊತ್ತಿಗೆ ಯುಂಟಾ ಬಂತು:
ಪೆಟ್ರೋಲ್ ಬಂಕು, ಹೋಟೆಲು, ರೈಲುಹಳಿ, ಉಪ್ಪುಗಿಡದ ಬಯಲು,
ಮತ್ತೆ ಮರ್ವ್ ಟ್ರೆಜೈಸನ ತಗಡಿನ ಶೆಡ್ಡು.

"ಏನು ಸದ್ದು?" ಅಂದ. ಹೇಳಿದೆ.
"ಏನು?" ಅಂದ.
ಮತ್ತೆ ಹೇಳಿದೆ, ಈ ಸಲ ಕೂಗಿ.
ನಲವತ್ತು ವರ್ಷ ಡೀಸೆಲ್ಲಿನ ಪಕ್ಕ ನಿಂತ ಕಿವಿ.
ಮೇಲಿನ ಸ್ವರಗಳೆಲ್ಲ ಉದುರಿಹೋಗಿವೆ,
ನನ್ನ ಮಾತಿನ ಒಂದು ಸಕಾರವೂ ಅವನನ್ನು ಮುಟ್ಟುತ್ತಿಲ್ಲ.
ಕಿವುಡನ ಮುಂದೆ ಕಿನ್ನರಿ, ಎಂದು ಒಳಗೊಳಗೇ ನಕ್ಕೆ.
ಆ ನಗುವಿಗೆ ಈಗಲೂ ನಾಚಿಕೆ ಇದೆ.

ಪಕ್ಕದ ಸೀಟಿನಲ್ಲಿ ಕೂತ, ಬಾಗಿಲಿಗೆ ಮೊಣಕೈ ಊರಿ.
"ಓಡಿಸು. ಹಾವಿನ ಹಾಗೆ."
ಇಲ್ಲಿಯ ರಸ್ತೆ ದಾರ ಹಿಡಿದು ಎಳೆದದ್ದು.
ಎಲ್ಲಿಯೂ ತಿರುಗದ ದಾರಿಯಲ್ಲಿ
ಯಾವ ಗಾಲಿ ನರಳುತ್ತಿದೆಯೆಂದು ತಿಳಿಯುವುದಿಲ್ಲವಂತೆ,
ಭಾರ ಒಂದು ಭುಜದಿಂದ ಇನ್ನೊಂದಕ್ಕೆ ದಾಟಬೇಕು.
ಎಡಕ್ಕೆ ಹೊರಳಿಸಿದೆ: ಗೊರ್ರ್.
ಬಲಕ್ಕೆ: ತೆಪ್ಪಗಾಯಿತು.
ಬೇಲಿಯಾಚೆ ಒಂದು ಎಮು ಕತ್ತೆತ್ತಿ ನೋಡಿತು,
ಕುಡಿದಿದ್ದಾಳೆ ಅಂದುಕೊಂಡಿರಬೇಕು.
"ಬಲಗಡೆಯದು," ಅಂದ ಮರ್ವ್ ಮೊಣಕೈ ಉಜ್ಜಿಕೊಳ್ಳುತ್ತ,
"ಇಲ್ಲಿ ಕೇಳಿಸ್ತು."

ಜಾಕ್ ಏರಿಸಿ, ಗಾಲಿಯ ತಲೆ ಬುಡ ಹಿಡಿದು ಅಲುಗಿಸಿದ.
ಟಕ್, ಟಕ್. ಬೀಳಲಿರುವ ಹಾಲುಹಲ್ಲು.
ನನ್ನ ಕೈ ಎಳೆದು ಸ್ಪ್ರಿಂಗಿನ ಮೇಲಿಟ್ಟು ಗಾಲಿ ತಿರುಗಿಸಿದ.
ಬೀಸುಕಲ್ಲಿಗೆ ಹರಳು ಸಿಕ್ಕಂತೆ ಏನೋ
ಅಂಗೈಯಿಂದ ಮೂಳೆಗೆ, ಮೂಳೆಯಿಂದ ದವಡೆಗೆ ನಡೆದು ಬಂತು.
ಮೂಳೆಯ ದಾರಿಯಲ್ಲೂ ಸದ್ದು ಬರುತ್ತದೆಂದು
ಪಟ ಬಿಡಿಸಿ ಎಷ್ಟು ಸಲ ಪಾಠ ಹೇಳಿದ್ದೇನೆ.
ಹಾಗೆ ಕೇಳಿದ್ದು ಅವತ್ತೇ.

ಬೇರಿಂಗು ಬಂದದ್ದು ಮರುದಿನ ಮಧ್ಯಾಹ್ನ,
ಪೀಟರ್‌ಬರೋದ ಲಾರಿಯಲ್ಲಿ, ಬ್ರೆಡ್ಡಿನ ಜೊತೆ.
ಹಳೆಯದರ ಬಳೆಯಲ್ಲಿ ಒಂದೇ ಒಂದು ಕುಳಿ,
ತೊಗರಿಬೇಳೆಯಷ್ಟು. ಅಷ್ಟಕ್ಕೆ ಅಷ್ಟು ರಂಪ.
ಅಂಗೈಗೆ ಗ್ರೀಸ್ ಮೆತ್ತಿಕೊಂಡು
ಉರುಳೆಗಳ ಸಂದಿಗೆ ಒತ್ತತೊಡಗಿದ.
"ಕೊಡು, ಇದು ನನಗೆ ಬರುತ್ತೆ," ಅಂದೆ.
ಎಣ್ಣೆಗಾಯಿಗೆ ಮಸಾಲೆ ತುಂಬಿದ ಕೈ,
ಬದನೆಕಾಯಿ ಒಡೆಯದ ಹಾಗೆ, ಒಂದು ಸೀಳೂ ಖಾಲಿ ಉಳಿಯದ ಹಾಗೆ.
ಯಾರು ಕಲಿಸಿದರು ಎಂದು ಕೇಳಿದ.
ಬದನೆಕಾಯಿ, ಎಂದು ಕೂಗಿದೆ.
ತಲೆಯಾಡಿಸಿದ, ಅದು ಯಾರದೋ ಹೆಸರೆಂಬಂತೆ.

ನಟ್ಟು ಬಿಗಿದು, ಗಾಲಿ ತಿರುಗಿಸಿ, ಮತ್ತೆ ಕಾಲು ಸುತ್ತು ಸಡಿಲಿಸಿದ.
"ಪೂರ್ತಿ ಬಿಗಿದರೆ ಸುಟ್ಟುಹೋಗುತ್ತೆ."
ಪಿನ್ನಿನ ಎರಡು ಕಾಲು ಎರಡು ಕಡೆಗೆ ಮಡಿಚಿದ.
ಸಾಮಾನಿನ ದುಡ್ಡಷ್ಟೇ ತೆಗೆದುಕೊಂಡ. ಕೂಲಿ?
ಕೈ ಬೀಸಿದ.

ಹಾಗಾದರೆ ಹತ್ತು ನಿಮಿಷ ಬಾ, ಅಂದೆ.
ಮಕ್ಕಳ ಸ್ಟೂಲಿನ ಮೇಲೆ, ಜಿರಾಫೆಯ ಚಿತ್ರದ ಕೆಳಗೆ
ಮಂಡಿ ಗದ್ದಕ್ಕೆ ತಾಗುವಂತೆ ಕೂತ.
ಕೆಳಗಿನ ಸ್ವರಗಳಿಗೆ ಗ್ರೀಸಿನ ಬೆರಳು ಎದ್ದಿತು.
ಆಮೇಲೆ ನಾನು ಗುಂಡಿ ಒತ್ತುತ್ತಲೇ ಇದ್ದೆ,
ಬೆರಳು ತೊಡೆಯ ಮೇಲೆ ಕಾಯುತ್ತಲೇ ಇತ್ತು.

ಗೆರೆ ಇಳಿದ ಕಾಗದವನ್ನು ನೋಡದೆ ಜೇಬಿಗೆ ಮಡಿಚಿಟ್ಟ.
"ಯಾವ ಕಡೆಯದು?"
ಎರಡೂ, ಎಂದು ಬೆರಳಲ್ಲಿ ತೋರಿಸಿದೆ.
"ಒಳ್ಳೇದಾಯ್ತು," ಅಂದ, "ನೇರ ಓಡುತ್ತೆ."

ನೂರಕ್ಕೆ ಮುಟ್ಟಿಸಿದೆ. ಸದ್ದಿಲ್ಲ.
ರೇಡಿಯೋ ಆರಿಸಿ ಕೇಳಿದೆ. ಇಲ್ಲ.
ಆದರೂ ಒಂದಿಷ್ಟು ದೂರ
ಬಾಗಿಲಿಗೆ ಮೊಣಕೈ ಊರಿಕೊಂಡೇ ಹೋದೆ.